ಪ್ರತಿ ಸಂಬಂಧವೂ ಅದೇ ತಿರುವಿನಲ್ಲಿ ಮುರಿಯುತ್ತಿದೆ: ಸೈಕೋಡೈನಮಿಕ್ ಥೆರಪಿಯಿಂದ ಏನಾಗುತ್ತದೆ?

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನಲ್ಲಿ ಕೆಲಸ. ಈಗ ಮುರಿದಿರುವುದು ಮೂರನೇ ಸಂಬಂಧ. ಮೂರೂ ಕಡೆ ಕಥೆ ಒಂದೇ. ಶುರುವಿನಲ್ಲಿ ಅವರಿಗೆ ಏನು ಬೇಕೋ ಎಲ್ಲವನ್ನೂ ಮುಂದೆ ಬಿದ್ದು ಮಾಡುತ್ತೇನೆ, ನನಗೆ ಇಂಥದ್ದು ಬೇಕು ಅಂತ ಬಾಯಿ ಬಿಡುವುದಿಲ್ಲ. ಆರೇಳು ತಿಂಗಳಾಗುವಷ್ಟರಲ್ಲಿ ‘ಇವರಿಗೆ ನನ್ನ ಮೇಲೆ ಗಮನವೇ ಇಲ್ಲ’ ಅನಿಸತೊಡಗುತ್ತದೆ. ಮಾತು ಕಡಿಮೆ ಮಾಡುತ್ತೇನೆ. ಅವರೂ ದೂರವಾಗುತ್ತಾರೆ. ಒಂದು ದಿನ ಸಣ್ಣ ವಿಷಯಕ್ಕೆ ಸಿಡಿದು ನಾನೇ ಮುರಿದುಕೊಂಡು ಬರುತ್ತೇನೆ. ಆಫೀಸಿನಲ್ಲಿ ಮ್ಯಾನೇಜರ್ ಜೊತೆಗೂ ಹೆಚ್ಚುಕಡಿಮೆ ಇದೇ. ಕಳೆದ ವರ್ಷ ಸಿಬಿಟಿ, ಅಂದರೆ ಯೋಚನೆ-ನಡವಳಿಕೆಗಳನ್ನು ಅಭ್ಯಾಸಗಳಿಂದ ತಿದ್ದುವ ಥೆರಪಿ, ಹತ್ತು ಸೆಷನ್ ತೆಗೆದುಕೊಂಡೆ. ನಿದ್ದೆ ಸರಿಹೋಯಿತು, ಎದೆ ಢವಢವ ಕಡಿಮೆಯಾಯಿತು, ಇದು ಮಾತ್ರ ಹಾಗೇ ಇದೆ. ಸೈಕೋಡೈನಮಿಕ್ ಥೆರಪಿ ನೋಡಿ ಎಂದು ಒಬ್ಬರು ಹೇಳಿದರು. ವರ್ಷಗಟ್ಟಲೆ ಬಾಲ್ಯದ ಕಥೆ ಹೇಳುತ್ತಾ ಕೂರಬೇಕೇ? ಅಪ್ಪ-ಅಮ್ಮನ ಮೇಲೆ ತಪ್ಪು ಹೊರಿಸುವುದು ನನಗಿಷ್ಟವಿಲ್ಲ. ಬರೀ ಮಾತಾಡಿದರೆ ಸ್ವಭಾವ ಬದಲಾಗುತ್ತದೆಯೇ? ಸರಿಯಾದ ಥೆರಪಿಸ್ಟನ್ನು ಹುಡುಕುವುದು ಹೇಗೆ?

ಉತ್ತರ: ಸಿಬಿಟಿ ಸೋತಿತು ಎಂದುಕೊಳ್ಳಬೇಡಿ. ನಿದ್ದೆ ಮತ್ತು ಆತಂಕಕ್ಕೆಂದು ಹೋದಿರಿ, ಆ ಎರಡೂ ಸುಧಾರಿಸಿವೆ. ಈಗ ನೀವು ಕೇಳುತ್ತಿರುವುದು ಬೇರೆ ವಿಷಯ: ಬೇರೆ ಬೇರೆ ಜನರ ಜೊತೆ ಒಂದೇ ಕ್ರಮದಲ್ಲಿ ಮರುಕಳಿಸುವ ನಡವಳಿಕೆ. ಅರಿವಿಗೆ ಬಾರದ ಹಳೆಯ ಭಾವನೆಗಳನ್ನು ಮಾತುಕತೆಯಲ್ಲಿ ಹುಡುಕುವ ಸೈಕೋಡೈನಮಿಕ್ ಥೆರಪಿ ಮುಖ್ಯವಾಗಿ ಕೈ ಹಾಕುವುದು ಇಲ್ಲಿಗೇ. ನಿಮ್ಮ ಪತ್ರದಲ್ಲಿ ನೀವೇ ಅರ್ಧ ಕೆಲಸ ಮಾಡಿದ್ದೀರಿ. ಘಟನೆಗಳನ್ನು ಅನುಕ್ರಮವಾಗಿ ಬರೆದಿದ್ದೀರಿ, ಮ್ಯಾನೇಜರನ್ನೂ ಸೇರಿಸಿದ್ದೀರಿ. ‘ನನಗೆ ಸಿಗುವವರೆಲ್ಲ ಹೀಗೇ’ ಎಂದು ಬರೆದಿದ್ದರೆ ಈ ಉತ್ತರ ಇನ್ನೂ ಹಿಂದಿನಿಂದ ಶುರುವಾಗಬೇಕಿತ್ತು.

ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸ. ಅಮೆರಿಕದ ಮನಶ್ಶಾಸ್ತ್ರಜ್ಞ ಲೆಸ್ಟರ್ ಲುಬೋರ್ಸ್ಕಿ 1970ರ ದಶಕದಲ್ಲಿ ಒಂದು ವಿಧಾನ ರೂಪಿಸಿದರು. ರೋಗಿಗಳು ಸೆಷನ್ನಿನಲ್ಲಿ ಹೇಳುವ ಸಣ್ಣ ಸಣ್ಣ ಪ್ರಸಂಗಗಳನ್ನು ಕಲೆಹಾಕಿ, ಪ್ರತಿಯೊಂದರಲ್ಲೂ ಮೂರು ವಿಷಯ ಹುಡುಕುವುದು: ನನಗೆ ಆ ವ್ಯಕ್ತಿಯಿಂದ ಏನು ಬೇಕಿತ್ತು, ಆ ವ್ಯಕ್ತಿ ಏನು ಮಾಡಿದರು, ಅದಕ್ಕೆ ನಾನು ಏನು ಮಾಡಿದೆ. ಹತ್ತು ಪ್ರಸಂಗ ಬರೆದರೆ ಸಾಮಾನ್ಯವಾಗಿ ಒಂದು ಎಳೆ ಎದ್ದು ಕಾಣುತ್ತದೆ. ಹತ್ತರಲ್ಲಿ ನಾಲ್ಕಾದರೂ ಸಂಗಾತಿಯನ್ನು ಬಿಟ್ಟು ಬೇರೆಯವರದಿರಲಿ: ಅಕ್ಕ-ತಮ್ಮ, ಗೆಳತಿ, ಮ್ಯಾನೇಜರ್, ಪಿಜಿ ಓನರ್ ಆದರೂ ಸರಿ. ಒಂದೊಂದಕ್ಕೂ ಅರ್ಧ ಪುಟ ಸಾಕು. ಯಾವತ್ತು, ಎಲ್ಲಿ, ಯಾರು ಯಾವ ಮಾತು ಆಡಿದರು ಎಂಬುದನ್ನು ನೆನಪಿದ್ದಷ್ಟು ಹಾಗೆಯೇ ಬರೆಯಿರಿ.

ಇದರಲ್ಲಿ ಎಲ್ಲರೂ ಎಡವುವ ಜಾಗಗಳಿವೆ. ‘ಅವನು ಸ್ವಾರ್ಥಿ’ ಎಂದು ಬರೆದರೆ ಅದು ತೀರ್ಪು. ‘ನಾನು ಜ್ವರ ಅಂತ ಮೆಸೇಜ್ ಹಾಕಿದೆ, ಅವನು ಟೇಕ್ ಕೇರ್ ಅಂತ ಕಳಿಸಿ ಕ್ರಿಕೆಟ್ ಆಡಲು ಹೋದ’ ಎಂದು ಬರೆದರೆ ಪ್ರಸಂಗ. ಇನ್ನು ‘ನನಗೆ ಏನು ಬೇಕಿತ್ತು’ ಎಂಬ ಸಾಲಿನಲ್ಲಿ ನಿಮ್ಮಂಥವರು ‘ಏನೂ ಬೇಕಿರಲಿಲ್ಲ’ ಎಂದು ಬರೆಯುವ ಸಂಭವ ಹೆಚ್ಚು. ಹಾಗೆ ಬರೆದಿದ್ದರೆ ಅಳಿಸಬೇಡಿ. ಏನೂ ಬೇಕಿಲ್ಲದವರು ಆ ಮೆಸೇಜ್ ಬಂದ ಮೇಲೆ ಮೂರು ದಿನ ಮುಖ ಊದಿಸಿಕೊಂಡು ಕೂರುವುದಿಲ್ಲ. ನಡುವೆ ಎಲ್ಲೋ ಒಂದು ಆಸೆ ಹುಟ್ಟಿದೆ. ಅದು ನಿಮ್ಮ ಅರಿವಿಗೆ ಬರುವ ಮೊದಲೇ ಯಾವುದೋ ಒಂದು ಅದನ್ನು ತಡೆದಿದೆ. ಥೆರಪಿ ಹುಡುಕುವುದು ಆ ತಡೆಯನ್ನು.

ಒಂದೇ ತಪ್ಪು ಮತ್ತೆ ಮತ್ತೆ ಯಾಕೆ? ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ 1914ರಲ್ಲಿ ಬರೆದ ಒಂದು ಸಣ್ಣ ಲೇಖನದ ಮಾತು ಈಗಲೂ ಈ ಚಿಕಿತ್ಸೆಗೆ ಅಡಿಪಾಯ: ನೆನಪಿಗೆ ಬಾರದ್ದನ್ನು ಮನುಷ್ಯ ನಡೆದು ತೋರಿಸುತ್ತಾನೆ, ಮತ್ತು ತಾನು ಅದನ್ನೇ ಮತ್ತೆ ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿರುವುದಿಲ್ಲ. ಫ್ರಾಯ್ಡ್ ಹೇಳಿದ್ದರಲ್ಲಿ ಬಿಟ್ಟುಕೊಟ್ಟಿದ್ದು ಬಹಳ ಇದೆ, ಇದು ಉಳಿದುಕೊಂಡಿದೆ. ಆದರೆ ಪುನರಾವರ್ತನೆಗೆ ಹಳೆಯ ನೆನಪೊಂದೇ ಕಾರಣವಲ್ಲ. ಇವತ್ತು, ಈ ವಾರ, ನೀವೇ ಅದಕ್ಕೆ ಇಂಧನ ಹಾಕುತ್ತಿರುತ್ತೀರಿ, ಮೂರು ದಾರಿಯಲ್ಲಿ.

ಒಂದು, ಆಯ್ಕೆ. ಹೆಚ್ಚು ಮಾತಾಡದ, ತನ್ನ ಲೋಕದಲ್ಲಿ ತಾನಿರುವ ವ್ಯಕ್ತಿಯೇ ನಿಮಗೆ ‘ಗಂಭೀರ, ಪ್ರಬುದ್ಧ’ ಎಂದು ಕಾಣುತ್ತಾನೆ. ತಾನಾಗಿ ನಿಮ್ಮನ್ನು ವಿಚಾರಿಸಿಕೊಳ್ಳುವವನು ‘ಯಾಕೋ ಸ್ವಲ್ಪ ಅತಿ’ ಅನಿಸುತ್ತಾನೆ. ಎರಡು, ಓದುವುದು. ಅವರು ಸುಸ್ತಾಗಿ ಸುಮ್ಮನಿದ್ದರೂ ಅದು ನಿಮಗೆ ಅಲಕ್ಷ್ಯವಾಗಿ ತೋರುತ್ತದೆ, ಯಾಕೆಂದರೆ ನೀವು ಅಲಕ್ಷ್ಯವನ್ನೇ ಎದುರು ನೋಡುತ್ತಿದ್ದೀರಿ. ಮೂರನೆಯದು ಹೊರಗಿನವರಿಗೆ ಬೇಗ ಕಾಣುತ್ತದೆ, ಒಳಗಿರುವವರಿಗೆ ಕಾಣುವುದೇ ಇಲ್ಲ. ನಿಮ್ಮ ನಡವಳಿಕೆ ಎದುರಿನವರಿಂದ ಅದೇ ಪಾತ್ರವನ್ನು ಹೊರಗೆಳೆಯುತ್ತದೆ. ಆರು ತಿಂಗಳು ಏನನ್ನೂ ಕೇಳದವಳ ಜೊತೆ ಇರುವ ಮನುಷ್ಯ, ಇವಳಿಗೆ ಏನೂ ಬೇಕಿಲ್ಲ ಎಂದು ಕಲಿತುಬಿಡುತ್ತಾನೆ. ಆಮೇಲೆ ನೀವು ಮಾತು ಬಿಟ್ಟಾಗ ಅವನಿಗೆ ಕಾರಣ ಗೊತ್ತಾಗುವುದಿಲ್ಲ, ಹೆದರಿ ಇನ್ನಷ್ಟು ದೂರ ನಿಲ್ಲುತ್ತಾನೆ. ನಿಮಗೆ ‘ನೋಡು, ನಾನು ಅಂದುಕೊಂಡಿದ್ದೇ ನಿಜ’ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಹೀಗೆ ತನಗೆ ತಾನೇ ಪುರಾವೆ ಒದಗಿಸಿಕೊಳ್ಳುವುದರಿಂದ ಈ ಚಕ್ರ ತಾನಾಗಿ ಸವೆಯುವುದಿಲ್ಲ.

ಇಲ್ಲಿ ಅಪ್ಪ-ಅಮ್ಮನ ಮಾತು ಬರುತ್ತದೆ, ಆದರೆ ನೀವು ಹೆದರುವ ರೀತಿಯಲ್ಲಿ ಅಲ್ಲ. ಒಂದು ಸಾಮಾನ್ಯ ಮನೆ ಊಹಿಸಿ. ತಾಯಿ ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ದುಡಿಯುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ, ಕೈಕೂಸು ತಮ್ಮ. ದೊಡ್ಡ ಮಗಳು ಏನಾದರೂ ಬೇಕೆಂದರೆ ‘ದೊಡ್ಡವಳು ನೀನು, ಅರ್ಥ ಮಾಡ್ಕೋಬೇಕು’ ಎಂಬ ಮಾತು. ಕೇಳದೆ ಇದ್ದ ದಿನ, ತಮ್ಮನನ್ನು ಎತ್ತಿಕೊಂಡ ದಿನ, ‘ನನ್ನ ಬಂಗಾರ’ ಎಂಬ ಮಾತು. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಆ ಮಗು ಒಂದು ಲೆಕ್ಕ ಕಲಿಯಿತು: ಬೇಡಿಕೆ ಮುಚ್ಚಿಟ್ಟು ಸೇವೆ ಮಾಡಿದರೆ ಪ್ರೀತಿ ಸಿಗುತ್ತದೆ. ಆ ಮನೆಯಲ್ಲಿ ಆ ಲೆಕ್ಕ ಸರಿಯಾಗಿಯೇ ಇತ್ತು. 34ರಲ್ಲಿ, ಬೇರೆ ಮನುಷ್ಯನ ಜೊತೆ, ಅದನ್ನೇ ಹಾಕುತ್ತಿರುವುದರಿಂದ ಉತ್ತರ ತಪ್ಪುತ್ತಿದೆ. ನಿಮ್ಮ ಮನೆ ಹೀಗೆಯೇ ಇತ್ತೆಂದು ಹೇಳುತ್ತಿಲ್ಲ, ನಿಮ್ಮ ಕಥೆ ನಿಮ್ಮದೇ ಇರುತ್ತದೆ. ಥೆರಪಿಸ್ಟ್ ಹುಡುಕುವುದು ಮಗು ಯಾವ ಉಪಾಯ ಕಂಡುಕೊಂಡಿತು ಎಂಬುದನ್ನು. ಯಾರ ತಪ್ಪು ಎಂಬ ವಿಚಾರಣೆಯಲ್ಲೇ ತಿಂಗಳುಗಟ್ಟಲೆ ಸುತ್ತುತ್ತಿದ್ದರೆ ಆ ಚಿಕಿತ್ಸೆ ದಾರಿ ತಪ್ಪಿದೆ ಎಂದೇ ತಿಳಿಯಿರಿ.

ಈಗ ಆ ಕೋಣೆಯಲ್ಲಿ ನಡೆಯುವುದೇನು. ವಾರಕ್ಕೊಂದು ಸೆಷನ್, 45 ಅಥವಾ 50 ನಿಮಿಷ, ಅದೇ ದಿನ, ಅದೇ ಹೊತ್ತು. ಕೆಲವರಿಗೆ ವಾರಕ್ಕೆರಡು ಬೇಕಾಗುತ್ತದೆ. ಫ್ರಾಯ್ಡ್ ಕಾಲದ ಮಂಚದ ಮೇಲೆ ಮಲಗಿ ವಾರಕ್ಕೆ ಐದಾರು ದಿನ ಮಾತಾಡುವುದು ಮನೋವಿಶ್ಲೇಷಣೆ. ಇದು ಅದರ ಕುಡಿ, ಎದುರುಬದುರು ಕುರ್ಚಿಯಲ್ಲಿ ಕೂತು ಮಾಡುವುದು. ಮೊದಲ ಎರಡರಿಂದ ನಾಲ್ಕು ಸೆಷನ್ ಪರಿಶೀಲನೆಗೆ. ಅದಾದ ಮೇಲೆ ಥೆರಪಿಸ್ಟ್ ತಮಗೆ ಕಂಡ ಎಳೆಯನ್ನು ನಿಮ್ಮ ಮುಂದೆ ಸರಳ ಮಾತಿನಲ್ಲಿ ಇಡಬೇಕು: ‘ನೀವು ಹತ್ತಿರವಾಗಬೇಕೆಂದು ಬಯಸುತ್ತೀರಿ, ಕೇಳಿದರೆ ಭಾರವಾಗುತ್ತೀರೆಂದು ಹೆದರುತ್ತೀರಿ, ಅದಕ್ಕೆ ಸೇವೆ ಮಾಡಿ ಕಾಯುತ್ತೀರಿ, ಸಿಗದಿದ್ದಾಗ ಸಿಟ್ಟು ಬಂದು ಹೊರಡುತ್ತೀರಿ.’ ನೀವು ಒಪ್ಪಬಹುದು, ತಿದ್ದಬಹುದು. ಆರನೇ ಸೆಷನ್ ಮುಗಿದರೂ ಇಂಥ ಒಂದು ಚಿತ್ರ ನಿಮಗೆ ಸಿಕ್ಕಿಲ್ಲದಿದ್ದರೆ ಕೇಳಿ ಪಡೆಯಿರಿ.

ನಂತರ ವಿಷಯಪಟ್ಟಿ ಇರುವುದಿಲ್ಲ. ಮನಸ್ಸಿಗೆ ಬಂದದ್ದರಿಂದ ಶುರು ಮಾಡಿ ಎನ್ನುತ್ತಾರೆ. ಸಿಬಿಟಿಯಿಂದ ಬಂದವರಿಗೆ ಇದು ಕಸಿವಿಸಿ, ಹೋಂವರ್ಕ್ ಇಲ್ಲ, ಶೀಟ್ ಇಲ್ಲ. ಥೆರಪಿಸ್ಟ್ ಎರಡು ತ್ರಿಕೋನಗಳನ್ನು ತಲೆಯಲ್ಲಿಟ್ಟುಕೊಂಡು ಕೇಳುತ್ತಿರುತ್ತಾರೆ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನ ಡೇವಿಡ್ ಮಲಾನ್ 1979ರ ತಮ್ಮ ಪುಸ್ತಕದಲ್ಲಿ ಇವೆರಡನ್ನೂ ಜೋಡಿಸಿ ಕಲಿಸಿದರು. ಮೊದಲ ತ್ರಿಕೋನದ ಮೂಲೆಗಳು: ಮುಚ್ಚಿಟ್ಟ ಭಾವನೆ, ಅದು ಹೊರಬಂದರೆ ಏನಾಗುವುದೋ ಎಂಬ ಆತಂಕ, ಆತಂಕ ತಪ್ಪಿಸಿಕೊಳ್ಳಲು ಹೂಡುವ ರಕ್ಷಣೆ. ಎರಡನೆಯದರ ಮೂಲೆಗಳು ವ್ಯಕ್ತಿಗಳು: ಇವತ್ತಿನ ಬದುಕಿನವರು, ಹಿಂದಿನ ಮನೆಯವರು, ಎದುರಿಗೆ ಕೂತಿರುವ ಥೆರಪಿಸ್ಟ್. ಒಂದೇ ಭಾವನೆ-ಆತಂಕ-ರಕ್ಷಣೆ ಈ ಮೂವರ ಜೊತೆಗೂ ಹೇಗೆ ನಡೆಯುತ್ತದೆ ಎಂದು ತೋರಿಸುವುದೇ ಅವರ ಕಸುಬು.

ಮೂರರಲ್ಲಿ ಥೆರಪಿಸ್ಟ್ ಇರುವ ಮೂಲೆ ಹೆಚ್ಚು ಬೆಲೆಯುಳ್ಳದ್ದು. ಬಾಲ್ಯದ್ದು ನೆನಪು, ಸಂಗಾತಿಯದ್ದು ವರದಿ, ಕೋಣೆಯಲ್ಲಿ ನಡೆಯುವುದು ಮಾತ್ರ ಇಬ್ಬರ ಕಣ್ಣೆದುರಿಗೇ ಇರುತ್ತದೆ. ಬೇರೆಯವರ ಜೊತೆ ನಡೆಸುವ ಸಂಬಂಧವನ್ನೇ ತನಗರಿಯದೆ ಥೆರಪಿಸ್ಟ್ ಜೊತೆ ನಡೆಸತೊಡಗುವುದಕ್ಕೆ ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆ. ನಿಮ್ಮ ವಿಷಯದಲ್ಲಿ ಅದು ಹೇಗೆ ಕಾಣಬಹುದೆಂದು ಒಂದು ಕಲ್ಪಿತ ಉದಾಹರಣೆ.

ಒಂಬತ್ತನೇ ವಾರ ಥೆರಪಿಸ್ಟ್ ಹಿಂದಿನ ದಿನ ಮೆಸೇಜ್ ಮಾಡಿ ಸೆಷನ್ ರದ್ದು ಮಾಡುತ್ತಾರೆ. ನೀವು ಕೂಡಲೇ ‘ಪರವಾಗಿಲ್ಲ ಮೇಡಂ, ನೀವು ರೆಸ್ಟ್ ತಗೊಳಿ’ ಎಂದು ಕಳಿಸುತ್ತೀರಿ. ಮುಂದಿನ ವಾರ ಇಪ್ಪತ್ತು ನಿಮಿಷ ತಡ. ಟ್ರಾಫಿಕ್ ಎನ್ನುತ್ತೀರಿ, ನಿಜವಾಗಿಯೂ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ ಇತ್ತು. ಆಮೇಲೆ, ಈ ವಾರ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಹದಿನೈದು ದಿನಕ್ಕೊಮ್ಮೆ ಬಂದರೂ ನಡೆಯುತ್ತದೇನೋ ಎನ್ನುತ್ತೀರಿ. ಥೆರಪಿಸ್ಟ್ ಕೇಳುತ್ತಾರೆ: ‘ಕಳೆದ ವಾರ ನಾನು ರದ್ದು ಮಾಡಿದಾಗ ಹೇಗನ್ನಿಸಿತು?’ ‘ಏನೂ ಅನ್ನಿಸಲಿಲ್ಲ, ನಿಮಗೂ ಕೆಲಸ ಇರುತ್ತಲ್ಲ.’ ಸ್ವಲ್ಪ ತಡೆದು ಅವರು, ‘ಇರಬಹುದು. ಆದರೂ ನೀವು ಅವತ್ತು ಹೇಳಬೇಕೆಂದುಕೊಂಡದ್ದು ಏನೋ ಇದ್ದಿರಬೇಕು. ನಾನು ಇರಲಿಲ್ಲ. ಇವತ್ತು ನೀವು ಸ್ವಲ್ಪ ದೂರ ಇದ್ದೀರಿ ಅನ್ನಿಸುತ್ತಿದೆ, ಮುಂದೆ ಇನ್ನೂ ದೂರ ಹೋಗೋಣ ಅಂತಿದ್ದೀರಿ’ ಎನ್ನುತ್ತಾರೆ. ನಿಮಗೆ ಮೊದಲು ಕಿರಿಕಿರಿಯಾಗುತ್ತದೆ, ಇವರು ಎಲ್ಲದಕ್ಕೂ ಅರ್ಥ ಹುಡುಕುತ್ತಾರಲ್ಲ ಎಂದು. ಮೂರು ನಿಮಿಷದ ಮೇಲೆ ಗಂಟಲು ಕಟ್ಟಿ ಬರುತ್ತದೆ: ‘ಅವತ್ತು ಆಫೀಸಲ್ಲಿ ತುಂಬಾ ಅವಮಾನ ಆಗಿತ್ತು. ಯಾರಿಗೆ ಹೇಳಲಿ ಅಂತ ಇದ್ದೆ.’

ಇದರಲ್ಲಿ ಎಲ್ಲ ಇದೆ. ಭಾವನೆ: ಬೇಸರ ಮತ್ತು ಸಿಟ್ಟು. ಆತಂಕ: ಹೇಳಿದರೆ ಭಾರವಾಗುತ್ತೇನೆ. ರಕ್ಷಣೆ: ‘ಪರವಾಗಿಲ್ಲ’ ಎನ್ನುವುದು, ಎದುರಿನವರನ್ನೇ ಸಮಾಧಾನ ಮಾಡುವುದು, ಆಮೇಲೆ ತಡವಾಗಿ ಬರುವುದು, ಕೊನೆಗೆ ದೂರವಾಗಲು ದಾರಿ ಹುಡುಕುವುದು. ಇದೇ ಕ್ರಮ ಮೂವರು ಸಂಗಾತಿಗಳ ಜೊತೆ ನಡೆದಿದೆ. ಇಲ್ಲಿ ಬೇರೆಯಾದದ್ದು ಕೊನೆ. ನೀವು ಬೇಸರ ಹೇಳಿದಿರಿ, ಎದುರಿನವರು ದೂರವಾಗಲಿಲ್ಲ, ನಿಮ್ಮನ್ನು ಸ್ವಾರ್ಥಿ ಎನ್ನಲಿಲ್ಲ, ‘ನಾನು ಕೊನೇ ಗಳಿಗೆಯಲ್ಲಿ ಹೇಳಿದ್ದು ನಿಮಗೆ ಕಷ್ಟವಾಯಿತು’ ಎಂದು ತಮ್ಮ ಪಾಲನ್ನೂ ಒಪ್ಪಿಕೊಂಡರು. ಬರೀ ಮಾತಾಡಿದರೆ ಬದಲಾಗುತ್ತದೆಯೇ ಎಂದು ಕೇಳಿದ್ದಿರಿ. ಬರೀ ಮಾತಿನಿಂದ ಆಗುವುದಿಲ್ಲ. ಹಳೆಯ ಜಗಳ ಹೊಸ ಕೊನೆ ಕಾಣುವುದು ಅನುಭವಕ್ಕೆ ಬರಬೇಕು, ಒಮ್ಮೆಯಲ್ಲ, ಹಲವು ಸಲ. ಅಲೆಕ್ಸಾಂಡರ್ ಮತ್ತು ಫ್ರೆಂಚ್ ಎಂಬ ಮನೋವಿಶ್ಲೇಷಕರು 1946ರಲ್ಲೇ ಈ ವಾದ ಮುಂದಿಟ್ಟಿದ್ದರು. ಅದಕ್ಕಾಗಿ ಥೆರಪಿಸ್ಟ್ ಬೇಕೆಂದೇ ತಂದೆ-ತಾಯಿಗೆ ವಿರುದ್ಧವಾದ ಧೋರಣೆ ತಳೆಯಬೇಕು ಎಂಬ ಅಲೆಕ್ಸಾಂಡರ್ ಸಲಹೆಯನ್ನು ಮಾತ್ರ ಬಹಳ ಜನ ಒಪ್ಪಲಿಲ್ಲ, ಅದು ನಾಟಕವಾಗುತ್ತದೆ. ನಿಜವಾದ ಥೆರಪಿಸ್ಟ್ ನಿಜವಾಗಿಯೇ ತಪ್ಪುತ್ತಾರೆ. ತಪ್ಪಿದ ಮೇಲೆ ಅದನ್ನು ಇಬ್ಬರೂ ಸೇರಿ ಹೇಗೆ ಸರಿಮಾಡುತ್ತಾರೆ ಎಂಬುದರಲ್ಲಿ ಚಿಕಿತ್ಸೆ ಇದೆ.

ಬದಲಾವಣೆ ಹೇಗೆ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೂರನೇ ತಿಂಗಳಿಗೆ ‘ಎಲ್ಲ ಅರ್ಥವಾಗಿದೆ, ಏನೂ ಬದಲಾಗಿಲ್ಲ’ ಎಂದು ಬಿಟ್ಟುಬಿಡುತ್ತೀರಿ. ಶುರುವಿನಲ್ಲಿ, ಮಾತು ಬಿಟ್ಟು ಎರಡು ದಿನವಾದ ಮೇಲೆ, ‘ಅರೆ, ಇದು ಅದೇ’ ಎಂದು ಹೊಳೆಯುತ್ತದೆ. ಕೆಲವು ವಾರ ಕಳೆದರೆ ಅದೇ ದಿನ ಸಂಜೆ ಹೊಳೆಯುತ್ತದೆ. ಆಮೇಲೆ ಮುಖ ಊದಿಸಿಕೊಂಡಿರುವಾಗಲೇ ಗೊತ್ತಾಗುತ್ತದೆ, ನಿಲ್ಲಿಸಲು ಮಾತ್ರ ಆಗುವುದಿಲ್ಲ. ಈ ಹಂತ ಅತ್ಯಂತ ಹಿಂಸೆಯದ್ದು, ಮತ್ತು ಜನ ಚಿಕಿತ್ಸೆ ಬಿಡುವುದೂ ಇಲ್ಲಿಯೇ ಹೆಚ್ಚು. ಅದನ್ನು ದಾಟಿದರೆ ಒಂದು ದಿನ ‘ಪರವಾಗಿಲ್ಲ’ ಎಂಬ ಮಾತು ನಾಲಿಗೆ ತುದಿಗೆ ಬಂದು ನಿಂತು, ಅದರ ಬದಲು ‘ನೀನು ಬಂದಿದ್ದರೆ ಚೆನ್ನಾಗಿತ್ತು’ ಎಂಬುದು ಹೊರಬರುತ್ತದೆ, ಬಹುಶಃ ಒರಟಾಗಿ, ಧ್ವನಿ ನಡುಗುತ್ತಾ. ಹೊಸದಾಗಿ ಕೇಳಲು ಕಲಿತವರು ಸ್ವಲ್ಪ ಕಾಲ ಜಾಸ್ತಿ ಒರಟಾಗಿಯೇ ಕೇಳುತ್ತಾರೆ, ಮನೆಯವರು ‘ಥೆರಪಿಗೆ ಹೋಗಿ ಹಾಳಾದಳು’ ಎನ್ನುವುದೂ ಉಂಟು. ಅದು ಹದಕ್ಕೆ ಬರಲು ಇನ್ನಷ್ಟು ತಿಂಗಳು ಬೇಕು.

ಎಲ್ಲಿ ಕೆಡುತ್ತದೆ? ನಿಮಗೆ ಎಲ್ಲಕ್ಕಿಂತ ದೊಡ್ಡ ಅಪಾಯ, ಒಳ್ಳೆಯ ರೋಗಿಯಾಗಿಬಿಡುವುದು. ಹೊತ್ತಿಗೆ ಸರಿಯಾಗಿ ಬರುವುದು, ಥೆರಪಿಸ್ಟ್ ಹೇಳಿದ್ದಕ್ಕೆಲ್ಲ ‘ಹೌದು, ಕರೆಕ್ಟ್’ ಎನ್ನುವುದು, ಅವರಿಗೆ ಆಸಕ್ತಿ ಹುಟ್ಟಿಸುವಂಥ ಕನಸುಗಳನ್ನು ತಂದು ಒಪ್ಪಿಸುವುದು. ಎರಡು ವರ್ಷ ಹೀಗೆ ಸುಖವಾಗಿ ಸಾಗಿ ಏನೂ ಬದಲಾಗದಿರಬಹುದು, ಯಾಕೆಂದರೆ ಮೂರು ಸಂಬಂಧಗಳಲ್ಲಿ ಮಾಡಿದ ಸೇವೆಯನ್ನೇ ನಾಲ್ಕನೆಯ ಕಡೆ ಮಾಡಿದಿರಿ. ನಿಮ್ಮ ಥೆರಪಿಸ್ಟ್ ಮೇಲೆ ಆರು ತಿಂಗಳಲ್ಲಿ ಒಮ್ಮೆಯೂ ಸಿಟ್ಟು, ಬೇಸರ, ನಿರಾಸೆ ಬಂದಿಲ್ಲವೆಂದರೆ ಆ ಮಾತನ್ನೇ ಅವರ ಮುಂದೆ ಎತ್ತಿ.

ನಮ್ಮ ಕಡೆ ಇದಕ್ಕೆ ಇನ್ನೊಂದು ಬಣ್ಣವಿದೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ, ಭಾರತೀಯ ರೋಗಿ ಚಿಕಿತ್ಸಕನಲ್ಲಿ ಗುರುವನ್ನು ಕಾಣುತ್ತಾನೆ, ಆ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಗೆ ಬಳಸಬಹುದು ಎಂದು ವಾದಿಸಿದರು. ಕಷ್ಟದಲ್ಲಿ ಕುಸಿದು ಬಂದವರಿಗೆ ಅದು ಆಸರೆಯಾಗುತ್ತದೆ, ಒಪ್ಪೋಣ. ಆದರೆ ಸೇವೆ ಮಾಡಿ ಪ್ರೀತಿ ಗಳಿಸುವುದೇ ರೋಗವಾಗಿರುವವರಿಗೆ ಗುರು ಸಿಕ್ಕರೆ ರೋಗ ಗಟ್ಟಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ‘ಏನು ಮಾಡಲಿ ಹೇಳಿ ಸರ್’ ಎಂದು ನೀವು ಕೇಳುತ್ತೀರಿ. ಪ್ರತಿ ಸಲವೂ ಉತ್ತರ ಹೇಳುವ ಥೆರಪಿಸ್ಟ್ ನಿಮಗೆ ಹೊಂದುವವರಲ್ಲ.

ಎರಡನೇ ಕೇಡು, ತಿಳಿವಳಿಕೆಯನ್ನೇ ಗುರಾಣಿ ಮಾಡಿಕೊಳ್ಳುವುದು. ರೀಲ್ಸ್ ನೋಡಿ ‘ನನ್ನದು ಆಂಕ್ಷಿಯಸ್ ಅಟ್ಯಾಚ್‌ಮೆಂಟ್’ (ಹತ್ತಿರದವರು ಬಿಟ್ಟುಹೋದಾರೆಂದು ಸದಾ ಆತಂಕಪಡುವ ಸ್ವಭಾವ) ಎಂದು ಹೇಳಿದರೆ ಎಲ್ಲ ಹೇಳಿದಂತೆ ಕೇಳಿಸುತ್ತದೆ, ಆದರೆ ಆ ಬುಧವಾರ ರಾತ್ರಿ ಅಡುಗೆಮನೆಯಲ್ಲಿ ಏನನ್ನಿಸಿತು ಎಂಬುದು ಹೊರಗೇ ಉಳಿಯುತ್ತದೆ. ಭಾಷೆಯೂ ಹೀಗೆಯೇ ಗುರಾಣಿಯಾಗುತ್ತದೆ. ಅಮ್ಮನ ಜೊತೆಗಿನ ಜಗಳವನ್ನು ಕನ್ನಡದಲ್ಲಿ ಹೇಳುತ್ತಾ ಬಂದು, ಅಳು ಬರುವ ಜಾಗಕ್ಕೆ ಸರಿಯಾಗಿ ಇಂಗ್ಲಿಷಿಗೆ ಜಿಗಿಯುವುದು ಬೆಂಗಳೂರಿನ ಥೆರಪಿ ಕೋಣೆಗಳಲ್ಲಿ ತೀರಾ ಮಾಮೂಲು. ಸಾಧ್ಯವಿದ್ದರೆ ನಿಮ್ಮ ಮನೆಮಾತು ಬಲ್ಲವರನ್ನು ಆರಿಸಿ. ಆಗದಿದ್ದರೆ, ಅಮ್ಮ ಅಂದ ಮಾತನ್ನು ಅಮ್ಮ ಅಂದಂತೆಯೇ ಹೇಳಿ, ಆಮೇಲೆ ಅರ್ಥ ವಿವರಿಸಿ.

ಮೂರನೆಯದು ಥೆರಪಿಸ್ಟ್ ಕಡೆಯ ತಪ್ಪು. ನೀವು ಏನು ಹೇಳಿದರೂ ‘ಅದು ನನ್ನ ಬಗ್ಗೆ ಇರಬಹುದೇ?’ ಎನ್ನುವವರಿದ್ದಾರೆ. ನಾರ್ವೆಯಲ್ಲಿ ಪೆರ್ ಹೊಗ್ಲೆಂಡ್ ಮತ್ತು ಸಂಗಡಿಗರು ನೂರು ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ಚಿಕಿತ್ಸೆ ಕೊಟ್ಟು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿನಲ್ಲಿ ಥೆರಪಿಸ್ಟ್-ರೋಗಿ ಸಂಬಂಧದ ಬಗ್ಗೆ ಮಿತವಾಗಿ ಮಾತಾಡಿದರು, ಇನ್ನೊಂದರಲ್ಲಿ ಆ ಮಾತನ್ನೇ ಎತ್ತಲಿಲ್ಲ. ಒಟ್ಟಾರೆ ಸರಾಸರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬದುಕಿನುದ್ದಕ್ಕೂ ಸಂಬಂಧಗಳು ಕೆಡುತ್ತಾ ಬಂದವರಿಗೆ ಆ ಮಾತುಕತೆಯಿಂದ ಹೆಚ್ಚು ಲಾಭವಾಯಿತು. ಇದರಲ್ಲಿ ‘ಮಿತವಾಗಿ’ ಎಂಬುದನ್ನು ಗಮನಿಸಿ. ಇದಕ್ಕೆ ತದ್ವಿರುದ್ಧ, ಕಲ್ಲಿನಂತೆ ಕೂತು ಮುಕ್ಕಾಲು ಗಂಟೆ ‘ಹ್ಞೂಂ’ ಬಿಟ್ಟು ಏನೂ ಆಡದವರೂ ಇದ್ದಾರೆ. ಅಲಕ್ಷ್ಯಕ್ಕೆ ಹೆದರುವ ನಿಮಗೆ ಅಂಥವರು ಸಲ್ಲರು. ಇನ್ನು ಫೀಸಿನ ಹೊರಗೆ ಹಣದ ವ್ಯವಹಾರ, ಪ್ರೇಮ ಅಥವಾ ಲೈಂಗಿಕ ಸಲುಗೆ ಥೆರಪಿಸ್ಟ್ ಕಡೆಯಿಂದ ಬಂದರೆ ಅದಕ್ಕೆ ಯಾವ ವ್ಯಾಖ್ಯಾನವೂ ಬೇಡ, ಅವತ್ತೇ ಹೊರಬಂದು ದೂರು ಕೊಡಿ.

ಚಿಕಿತ್ಸೆ ನಡೆಯುವಾಗ ಊರಿಗೆ ಹೋಗಿ ‘ನೀವು ನನಗೆ ಹೀಗೆ ಮಾಡಿದಿರಿ’ ಎಂದು ಮನೆಯವರನ್ನು ಕೂರಿಸಿ ಲೆಕ್ಕ ಕೇಳುವುದು, ಕೆಲಸ ಬಿಡುವುದು, ಅವಸರದಲ್ಲಿ ಹೊಸ ಸಂಬಂಧಕ್ಕೆ ಒಪ್ಪುವುದು, ಇವನ್ನು ಸಾಧ್ಯವಾದಷ್ಟು ಮುಂದೂಡಿ. ಭಾವನೆ ಮೇಲೆ ಬಂದ ಕೂಡಲೇ ಏನಾದರೂ ಮಾಡಿಬಿಡುವುದೂ ಅದನ್ನು ಅನುಭವಿಸದೆ ತಪ್ಪಿಸಿಕೊಳ್ಳುವ ದಾರಿಯೇ.

ಎಷ್ಟು ಕಾಲ? ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಖಿನ್ನತೆಗೆ ಕೊಡುವ ಡಿಐಟಿ (ಡೈನಮಿಕ್ ಇಂಟರ್‌ಪರ್ಸನಲ್ ಥೆರಪಿ) ಎಂಬ ಸೈಕೋಡೈನಮಿಕ್ ಚಿಕಿತ್ಸೆ 16 ಸೆಷನ್ನಿನದು, ಒಂದೇ ಒಂದು ಸಂಬಂಧ-ಮಾದರಿಯನ್ನು ಆರಿಸಿಕೊಂಡು ಅದನ್ನಷ್ಟೇ ಹಿಡಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ರಪ್ ಮತ್ತು ಬೈಂಡರ್ 1984ರಲ್ಲಿ ವಿವರಿಸಿದ ಕಾಲಮಿತಿಯ ವಿಧಾನ ಸುಮಾರು 25 ಸೆಷನ್ನಿನದು, ನಿಮ್ಮಂಥ ಚಕ್ರಗಳಿಗೆಂದೇ ಮಾಡಿದ್ದು. ಮೂರು ಸಂಬಂಧ ಮತ್ತು ಕೆಲಸದ ಜಾಗ ಎರಡಕ್ಕೂ ಹರಡಿರುವ ನಿಮ್ಮ ಮಾದರಿಗೆ ವಾರಕ್ಕೊಂದರಂತೆ ಒಂದು ವರ್ಷ, ಅಂದರೆ ರಜೆಗಳನ್ನು ಕಳೆದು 40ರಷ್ಟು ಸೆಷನ್, ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. 12ನೇ ಸೆಷನ್ನಿಗೊಮ್ಮೆ, 24ಕ್ಕೊಮ್ಮೆ ನಿಂತು ಹಿಂದಿರುಗಿ ನೋಡಿ: ಮೊದಲು ಬರೆದ ಹತ್ತು ಪ್ರಸಂಗಗಳ ಪಕ್ಕದಲ್ಲಿ ಹೊಸ ಐದು ಬರೆದು ಹೋಲಿಸಿ. ‘ನನಗೆ ಏನು ಬೇಕಿತ್ತು’ ಸಾಲು ತುಂಬುತ್ತಿದೆಯೇ? 24ರ ಹೊತ್ತಿಗೂ ಏನೂ ಅಲುಗಾಡದಿದ್ದರೆ ಥೆರಪಿಸ್ಟ್ ಜೊತೆ ಅದನ್ನೇ ಚರ್ಚಿಸಿ. ವಿಧಾನವನ್ನೋ ವ್ಯಕ್ತಿಯನ್ನೋ ಬದಲಿಸುವುದು ತಪ್ಪಲ್ಲ.

ಇದು ಕೆಲಸ ಮಾಡುತ್ತದೆಂಬುದಕ್ಕೆ ಆಧಾರವಿದೆ, ಅತಿಶಯ ಬೇಡ. 2010ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಶೆಡ್ಲರ್ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಇದರ ಲಾಭ ಚಿಕಿತ್ಸೆ ಮುಗಿದ ಮೇಲೂ ಬೆಳೆಯುತ್ತಾ ಹೋಗುತ್ತದೆ ಎಂದು ತೋರಿಸಿದರು. ಆಯ್ದುಕೊಂಡ ಅಧ್ಯಯನಗಳ ಗುಣಮಟ್ಟದ ಬಗ್ಗೆ ಟೀಕೆಗಳೂ ಬಂದವು. 2017ರ ಇನ್ನೊಂದು ವಿಶ್ಲೇಷಣೆ ಇದನ್ನು ಸಿಬಿಟಿಯಂಥ ಚಿಕಿತ್ಸೆಗಳ ಎದುರು ಇಟ್ಟು ನೋಡಿ ಪರಿಣಾಮ ಸರಿಸಮ ಎಂದಿತು. ಹೆಚ್ಚು ಎಂದಿಲ್ಲ. ರೂಪರೇಷೆ, ಅಭ್ಯಾಸಗಳು ಇದ್ದರೇ ನೆಮ್ಮದಿ ಎನ್ನುವವರಿಗೆ ಸ್ಕೀಮಾ ಥೆರಪಿ ಎಂಬುದೊಂದಿದೆ, ಸಿಬಿಟಿಯಿಂದ ಬೆಳೆದು ಬಂದು ಇದೇ ಬಗೆಯ ಹಳೆಯ ಮಾದರಿಗಳಿಗೆ ಕೈ ಹಾಕುತ್ತದೆ.

ಕೆಲವು ಸ್ಥಿತಿಗಳಲ್ಲಿ ಇದರಿಂದ ಶುರು ಮಾಡಬಾರದು: ಸಾಯುವ ಯೋಚನೆ ಬರುತ್ತಿದ್ದರೆ, ಕುಡಿತ ಕೈಮೀರಿದ್ದರೆ, ಇಲ್ಲದ ಧ್ವನಿ ಕೇಳಿಸುತ್ತಿದ್ದರೆ, ನಿದ್ದೆಯಿಲ್ಲದೆ ಉನ್ಮಾದದಲ್ಲಿದ್ದರೆ ಮೊದಲು ಮನೋವೈದ್ಯರು. ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಸಂಗಾತಿ ಹೊಡೆಯುತ್ತಿದ್ದರೆ ಅದು ನಿಮ್ಮ ‘ಮಾದರಿ’ಯ ಪ್ರಶ್ನೆಯಲ್ಲ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು, ತುರ್ತು ಕರೆಗೆ 112 ಇದೆ. ಹೊಡೆತ ತಿನ್ನುವವರಿಗೆ ‘ನೀವೇ ಅದನ್ನು ಹೊರಗೆಳೆಯುತ್ತೀರಿ’ ಎನ್ನುವ ಥೆರಪಿಸ್ಟ್ ಈ ವಿದ್ಯೆಯನ್ನು ಕೆಟ್ಟದಾಗಿ ಬಳಸುತ್ತಿದ್ದಾರೆ.

ಆಯ್ಕೆಯ ವಿಷಯ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಅಥವಾ ತತ್ಸಮಾನ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿಸಿಕೊಂಡವರು ಕ್ಲಿನಿಕಲ್ ಸೈಕಾಲಜಿಸ್ಟ್. ನೋಂದಣಿ ಸಂಖ್ಯೆ ಕೇಳಿದರೆ ಕೊಡಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಿ ಯಾವ ಚಿಕಿತ್ಸೆ ಹೊಂದುತ್ತದೆಂದು ಹೇಳುತ್ತಾರೆ, ಆದರೆ ಅಲ್ಲಿನ ನೂಕುನುಗ್ಗಲಲ್ಲಿ ಒಬ್ಬರೇ ಥೆರಪಿಸ್ಟ್ ಒಂದು ವರ್ಷ ಸಿಗುವುದು ಕಷ್ಟ. ತರಬೇತಿಯಲ್ಲಿರುವವರು ನೋಡುತ್ತಿದ್ದರೆ ಅವರ ಅವಧಿ ಯಾವಾಗ ಮುಗಿಯುತ್ತದೆಂದು ಮೊದಲೇ ಕೇಳಿಕೊಳ್ಳಿ. ಪದವಿ ಇದ್ದ ಮಾತ್ರಕ್ಕೆ ಸೈಕೋಡೈನಮಿಕ್ ಕೆಲಸ ಬರುವುದಿಲ್ಲ. ಮೊದಲ ಭೇಟಿಯಲ್ಲಿ ನೇರವಾಗಿ ಕೇಳಿ: ಈ ವಿಧಾನದಲ್ಲಿ ನಿಮ್ಮ ತರಬೇತಿ ಎಷ್ಟು? ಈಗಲೂ ಹಿರಿಯರ ಸೂಪರ್‌ವಿಷನ್ ತೆಗೆದುಕೊಳ್ಳುತ್ತೀರಾ? ನೀವೂ ಥೆರಪಿ ಪಡೆದಿದ್ದೀರಾ? ಕೊನೆಯ ಪ್ರಶ್ನೆ ಒರಟೆನಿಸಬಹುದು. ಆದರೆ ಈ ಪರಂಪರೆಯಲ್ಲಿ ಅದು ತರಬೇತಿಯ ಭಾಗ, ಹಾಗಾಗಿ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ‘ಇದು ಪಶ್ಚಿಮದ್ದು, ನಮಗೆ ಒಗ್ಗದು’ ಎಂದು ಯಾರಾದರೂ ಹೇಳಿದರೆ, ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದ್ದರೆಂದು ಹೇಳಿ ಮುಂದೆ ಹೋಗಿ.

ದುಡ್ಡಿನ ಲೆಕ್ಕ ಮೊದಲೇ ಹಾಕಿ: ಒಂದು ಸೆಷನ್ನಿನ ಫೀಸು ಗುಣಿಸು 40. ಬಾರದ ಸೆಷನ್ನಿಗೂ ಫೀಸು ತೆಗೆದುಕೊಳ್ಳುವ ಪದ್ಧತಿ ಇದೆ, ಎಷ್ಟು ಗಂಟೆ ಮೊದಲು ಹೇಳಬೇಕೆಂದು ವಿಚಾರಿಸಿ. ವರ್ಷಪೂರ್ತಿ ತಡೆದುಕೊಳ್ಳಲಾಗದ ಫೀಸಾದರೆ ಕಡಿಮೆ ಮಾಡುತ್ತೀರಾ ಎಂದು ಕೇಳಿ. ಕೇಳುವುದು ನಿಮಗೆ ಕಷ್ಟವೆಂದು ಗೊತ್ತು, ಹಾಗಾಗಿ ಇದೇ ಮೊದಲ ಅಭ್ಯಾಸ. ಆನ್‌ಲೈನ್ ಆದರೂ ನಡೆಯುತ್ತದೆ, ಪ್ರತಿ ವಾರ ಅದೇ ಜಾಗ, ಹೆಡ್‌ಫೋನ್, ಬಾಗಿಲು ಹಾಕಿದ ಕೋಣೆ ಇದ್ದರೆ. ರೂಮ್‌ಮೇಟ್ ಪಕ್ಕದಲ್ಲಿರುವ ಪಿಜಿಯಲ್ಲಿ ಪಿಸುಗುಟ್ಟುತ್ತಾ ಮಾಡಿದರೆ ಅಳಲೂ ಆಗುವುದಿಲ್ಲ, ಸಿಟ್ಟೂ ಬರುವುದಿಲ್ಲ.

ಕೊನೆಯದಾಗಿ, ಮುಗಿಸುವ ವಿಷಯ. ಸಂಬಂಧಗಳನ್ನು ನೀವೇ ಮುರಿದುಕೊಂಡು ಬರುವವರಾದ್ದರಿಂದ ನಿಮ್ಮ ಚಿಕಿತ್ಸೆಯಲ್ಲಿ ಇದು ಎಲ್ಲರಿಗಿಂತ ಮುಖ್ಯ. ಮುಗಿಯುವ ತಾರೀಖನ್ನು ಕನಿಷ್ಠ ಆರರಿಂದ ಎಂಟು ಸೆಷನ್ ಮೊದಲೇ ಗೊತ್ತುಮಾಡಬೇಕು. ಆ ದಿನ ಹತ್ತಿರ ಬಂದಂತೆ ಹಳೆಯ ಲಕ್ಷಣಗಳು ಮತ್ತೆ ತಲೆ ಎತ್ತುತ್ತವೆ, ನಿದ್ದೆ ಕೆಡಬಹುದು, ‘ಇವರಿಂದ ಏನೂ ಆಗಲಿಲ್ಲ’ ಎನಿಸಬಹುದು. ಅದನ್ನು ಅಲ್ಲೇ ಹೇಳಿ ಮುಗಿಸಬೇಕು. ಮೊದಲ ಸೆಷನ್ನಿನಲ್ಲೇ ಥೆರಪಿಸ್ಟ್ ಜೊತೆ ಒಂದು ಕರಾರು ಮಾಡಿಕೊಳ್ಳಿ: ನಡುವೆ ಯಾವಾಗಲಾದರೂ ಬಿಟ್ಟುಬಿಡಬೇಕು ಅನಿಸಿದರೆ ವಾಟ್ಸ್ಯಾಪ್‌ನಲ್ಲಿ ತಿಳಿಸುವುದಿಲ್ಲ, ಇನ್ನೆರಡು ಸೆಷನ್ ಬಂದು, ಯಾಕೆ ಬಿಡಬೇಕೆನಿಸಿತು ಎಂದು ಎದುರಿಗೇ ಹೇಳಿ, ಆಮೇಲೆ ತೀರ್ಮಾನಿಸುತ್ತೇನೆ. ಆರೇಳನೇ ತಿಂಗಳಿಗೆ ಆ ಕರಾರು ಬಳಕೆಗೆ ಬರುವ ಸಾಧ್ಯತೆ ಹೆಚ್ಚು.